ಅರ್ಧ ಮಣಿ

ಜನವರಿ 9

ಲ್ಯಾಬಿಗೆ ಹೊಸ ಕೋಳಿಮೊಟ್ಟೆಗಳ ಟ್ರೇ ಬಂತು. ಎರಡು ಒಡೆದಿದ್ದವು, ತಂದವನಿಗೆ ಬೈದೆ. ಉಳಿದವು ಇನ್‌ಕ್ಯುಬೇಟರಿಗೆ. ಗಂಟಲು ಕೆರೆಯುತ್ತಿದೆ.

ಮಧ್ಯಾಹ್ನ ಅಕ್ಕನ ಫೋನ್. ಟೆಸ್ಟಿನಲ್ಲಿ ಎರಡು ಗೆರೆ ಬಂತಂತೆ! ಭಾವನನ್ನು ಬಿಟ್ಟರೆ ನನಗೊಬ್ಬಳಿಗೇ ಹೇಳಿದ್ದು. ಕುಣಿಯೋಣ ಎಂದುಕೊಂಡೆ, ಕೆಮ್ಮು ಬಂತು.

ಜನವರಿ 11

ಜ್ವರ. ಎದ್ದು ನೀರು ಕುಡಿಯಲೂ ತ್ರಾಣವಿಲ್ಲ. ಅಕ್ಕನಿಗೆ ಫೋನ್ ಮಾಡಿ ಅತ್ತೆ. "ಬರ್ಲೇನೇ?" ಎಂದಳು. ಬೇಡ ಎನ್ನಬೇಕಿತ್ತು. ಬಸುರಿ, ಅದೂ ಈ ವಾರಗಳಲ್ಲಿ... ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು? "ಬಾ ಅಕ್ಕಾ" ಎಂದೆ.

ಜನವರಿ 12, ಸಂಜೆ

ಅಕ್ಕ ಬಂದಿದ್ದಾಳೆ. ಸಿಂಕಿನಲ್ಲಿದ್ದ ಪಾತ್ರೆಗಳನ್ನು ನೋಡಿ, "ಏನ್ ಮೊಟ್ಟೆ ಡಾಕ್ಟ್ರೇ, ಇಲ್ಲೂ ಏನಾದ್ರೂ ಮರಿ ಮಾಡಿಸ್ತಿದ್ದೀರಾ?" ಎಂದಳು.

ಹಣೆಗೆ ಒದ್ದೆ ಬಟ್ಟೆ ಹಾಕುತ್ತಾ, ಆ ಮೊಟ್ಟೆಗಳಿಗೆ ಏನು ಮಾಡುತ್ತೀ ಎಂದು ಕೇಳಿದಳು. ಜ್ವರದಲ್ಲೂ ನನಗೆ ಪಾಠದ ಹುಮ್ಮಸ್ಸು. ಭ್ರೂಣದ ಬಾಲದ ಕಡೆಯಿಂದ ಒಂದು ರಾಸಾಯನಿಕ ಸಂಕೇತ ಹೊರಡುತ್ತದೆ ಎಂದೆ. ಅಲ್ಲಿ ದಟ್ಟ, ತಲೆಯ ಕಡೆ ಬಂದಂತೆ ತೆಳು. ಅಡುಗೆಮನೆಯಲ್ಲಿ ಈರುಳ್ಳಿ ಹುರಿದರೆ ಹಜಾರಕ್ಕೆ ಬರುವಷ್ಟರಲ್ಲಿ ವಾಸನೆ ಕಡಿಮೆಯಾಗುವುದಿಲ್ಲವೇ, ಹಾಗೆ. ತಲೆಯ ಕಡೆಯಿಂದ ಅದಕ್ಕೆ ಎದುರಾಗಿ ಇನ್ನೊಂದು. ಬಾಲದ್ದು ಸಾಕಷ್ಟು ತೆಳುವಾದ ಜಾಗದಲ್ಲಿ ಜೀವಕೋಶಗಳು ಗುಂಪುಗಟ್ಟಿ ಒಂದು ತುಂಡಾಗುತ್ತವೆ. ಆಮೇಲೆ ಅದರ ಹಿಂದೆ ಇನ್ನೊಂದು. ಮುಂದೆ ಅವುಗಳಿಂದಲೇ ಬೆನ್ನುಮೂಳೆಯ ಮಣಿಗಳು. ಕೋಳಿಗೂ ಹಾಗೆ, ನಮಗೂ ಹಾಗೆ.

"ನೀನೇನು ಮಾಡ್ತೀಯ ಅದಕ್ಕೆ?"

"ಸ್ವಲ್ಪ ಹೊತ್ತು ಬಿಸಿ ಜಾಸ್ತಿ ಮಾಡ್ತೀನಿ. ಲೆಕ್ಕ ತಪ್ಪುತ್ತೆ. ತುಂಡುಗಳು ಅರೆಬರೆ ಆಗ್ತವೆ."

"ಪಾಪ ಕಣೇ," ಎಂದು ಬಟ್ಟೆ ಹಿಂಡಿದಳು.

ಜನವರಿ 16

ಮನೆಗೆ ಹೋದ ಮೇಲೆ ಅಕ್ಕನಿಗೂ ಜ್ವರ. ಮೈ ಸುಡುತ್ತಿದೆ ಎಂದರು ಭಾವ. ಈಗಲೇ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ ಎನ್ನಬೇಕಿತ್ತು. ಅಂದರೆ ಯಾಕೆಂದು ಹೇಳಬೇಕಾಗುತ್ತಿತ್ತು, ಅಂಟಿಸಿದ್ದು ನಾನೆಂದೂ. "ರೆಸ್ಟ್ ಮಾಡ್ಲಿ ಭಾವ," ಎಂದೆ.

ಬಿಸಿ ಮಾಡಿದ ಮೊಟ್ಟೆಗಳನ್ನು ಇವತ್ತು ತೆರೆದೆ. ಅರೆಬರೆ ತುಂಡುಗಳು, ಅಂದುಕೊಂಡಂತೆಯೇ. ನಮ್ಮ ಗೈಡ್ ಮೇಡಂಗೆ ಖುಷಿಯೋ ಖುಷಿ. ನನಗೆ ಊಟ ಸೇರಲಿಲ್ಲ.

ಮೇ 3

ಬರೆಯಲು ಭಯವಾಗಿ ಇಷ್ಟು ದಿನ ಬರೆಯಲಿಲ್ಲ.

ಇವತ್ತು ಅಕ್ಕನ ಸ್ಕ್ಯಾನ್. ಅವಳೂ ಭಾವನೂ ಒಳಗೆ, ನಾನು ಹೊರಗೆ ಬೆಂಚಿನ ಮೇಲೆ. ಮಗುವಿನ ಬೆನ್ನಿನಲ್ಲಿ ಒಂದು ಮಣಿ ಅರ್ಧವಷ್ಟೇ ಮೂಡಿದೆ. ಮಗು ಓಡಾಡುತ್ತದಂತೆ. ಬೆಳೆಯುತ್ತಾ ಬೆನ್ನು ಓರೆಯಾಗಬಹುದಂತೆ, ಆಪರೇಷನ್ ಬೇಕಾಗಬಹುದಂತೆ.

ಅಕ್ಕ ಬಂದು ನನ್ನ ಕೈ ಹಿಡಿದಳು. "ನಂದೇ ತಪ್ಪು ಕಣೇ. ಶುರುವಿನಲ್ಲಿ ಒಬ್ಳೇ ಬೀರು ತಳ್ಳಿದ್ದೆ. ಅದಕ್ಕೇ ಹೀಗಾಗಿರೋದು."

ಬೀರು ತಳ್ಳಿದರೆ ಹೀಗಾಗುವುದಿಲ್ಲ. ಮಾತು ಬಾಯಿ ತನಕ ಬಂತು, ನುಂಗಿಕೊಂಡೆ. ಅಕ್ಕ ಅಳುತ್ತಿದ್ದಳು, ನನಗೆ ಹಗುರವೆನಿಸಿತು. ಛೀ.

ಮೇ 4, ಬೆಳಗ್ಗೆ

ಲ್ಯಾಬಿಗೆ ಹೋಗಲಿಲ್ಲ. ಜ್ವರದಿಂದಲೇ ಆಯಿತೆಂದು ಯಾರೂ ಖಚಿತವಾಗಿ ಹೇಳಲಾರರು. ಅಲ್ಲವೆಂದು ನಾನಂತೂ ಹೇಳಲಾರೆ.

ತಡೆಯಲಾಗದೆ ಭಾವನಿಗೆ ಫೋನ್ ಮಾಡಿದೆ. ಬೀರು ಅಲ್ಲ ಭಾವ, ಆ ಜ್ವರ ಇರಬಹುದು, ಅಂಟಿಸಿದ್ದು ನಾನು ಎಂದು ಒಂದೇ ಉಸಿರಿನಲ್ಲಿ ಹೇಳಿಬಿಟ್ಟೆ.

"ಬೀರು ತಳ್ಳಿದ್ದು ನಾನು ಕಣಮ್ಮಾ. ಅವಳು ಕುರ್ಚೀಲಿ ಕೂತು ಈ ಕಡೆ, ಆ ಕಡೆ ಅಂತಿದ್ಲು," ಎಂದರು ಭಾವ. "ಜ್ವರ ಬಂದಿತ್ತಾ ಅಂತ ಡಾಕ್ಟ್ರು ಕೇಳಿದ್ರು. ನಾನು ಬಾಯಿ ಬಿಡೋಷ್ಟರಲ್ಲಿ ಇಲ್ಲ ಅಂದುಬಿಟ್ಲು. ಆಮೇಲೆ ನನ್ನ ಕಿವೀಲಿ ಹೇಳಿದ್ಲು, ಹೊರಗೆ ತಂಗಿ ಇದಾಳೆ, ಗೊತ್ತಾದ್ರೆ ಜೀವಮಾನ ಕೊರಗ್ತಾಳೆ ಅಂತ."

ಅಂದರೆ ಅಕ್ಕನಿಗೆ ಮೊದಲೇ ಗೊತ್ತಿತ್ತು. ಪಾಠ ಮಾಡಿದವಳು ನಾನೇ ಅಲ್ಲವೇ. ನನ್ನ ತಪ್ಪನ್ನು ತನ್ನ ತಲೆಗೆ ಕಟ್ಟಿಕೊಂಡು, ನನ್ನೆದುರೇ ಅತ್ತಳು. ನಾನು ನೋಡುತ್ತಾ ಕೂತಿದ್ದೆ.

ಡಾಕ್ಟರಿಗೆ ನಿಜ ತಿಳಿಯಲೇಬೇಕು. ನಾನೇ ಜೊತೆಗೆ ಹೋಗಿ ಹೇಳುತ್ತೇನೆ.

ಫೋನ್... ಅಕ್ಕನದೇ. ಭಾವ ಹೇಳಿರಬೇಕು. ಏನಾದರೊಂದು ಹೇಳಿ ನಗಿಸಲು ನೋಡುತ್ತಾಳೆ. ಅವಳು ಬಾಯಿ ತೆರೆಯುವ ಮುಂಚೆ ನಾನು —