ಬಸವಕಿರಣನಿಗೆ ಕಟ್ಟಿಕೊಟ್ಟ ಹಾಡು

ಕುರುಬರಹಳ್ಳಿ
ಬುಧವಾರ, ೧೨ ಮಾರ್ಚ್ ೨೦೨೫

ತಮ್ಮ ಬಸವಕಿರಣನಿಗೆ,

ರೊಟ್ಟಿ ಅಂಗಡಿಯ ಅಕ್ಕವ್ವನ ಆಶೀರ್ವಾದ. ನಿನ್ನ ಫೋನ್ ಬೆಳಗಿನಿಂದ ಬಂದ್ ಆಗಿದೆ. ಆರ್‌ಪಿಸಿ ಲೇಔಟಿನ ನಿನ್ನ ರೂಮಿಗೂ ಹೋಗಿ ಬಂದೆ, ನೀನಿರಲಿಲ್ಲ. ಬಟ್ಟೆ ತೆಗೆದುಕೊಳ್ಳಲಾದರೂ ಬಂದೇ ಬರುತ್ತೀಯ ಎಂದು ಜೊತೆಗಿರುವ ಶ್ರೀರಾಮ್ ಹೇಳಿದ. ಅದಕ್ಕೇ ಈ ಕಾಗದವನ್ನು ಅವನ ಕೈಗೆ ಕೊಡುತ್ತಿದ್ದೇನೆ. ಅವಸರದಲ್ಲಿ ಬರೆಯುತ್ತಿದ್ದೇನೆ, ಅಕ್ಷರ ಸೊಟ್ಟಗಾಗಿದ್ದರೆ ಹೊಂದಿಸಿಕೊಂಡು ಓದು.

ನಿನ್ನೆ ಸಂಜೆ ಸುಮಾ ಬಂದಿದ್ದಳು. ನಿನ್ನ ಹಾಡಿನ ಸುಮಾ. ತಾಯಿ ನರಸಮ್ಮನವರೂ ಜೊತೆಗಿದ್ದರು. ಕಡೆಯ ಸಾಲಿನಲ್ಲಿ ‘ಕುರುಬರಹಳ್ಳಿ ಅಕ್ಕವ್ವ ಕಟ್ಟಿದ ಪದ’ ಎಂದು ಹಟ ಹಿಡಿದು ನನ್ನ ಹೆಸರು ಸೇರಿಸಿದ್ದೆನಲ್ಲ, ಅದೇ ಅವರಿಗೆ ವಿಳಾಸವಾಯಿತು. ಹಾಡಿನಲ್ಲಿ ಆ ಹುಡುಗಿಯನ್ನು ನಾಗರಹಾವು ಎಂದಿದ್ದೆ. ನನ್ನ ಬಾಗಿಲಲ್ಲಿ ನಿಂತಿದ್ದದ್ದು ಉಗುರು ಕಚ್ಚುತ್ತಿದ್ದ ಮಗು. “ಆಂಟಿ, ನಾನು ಅವರ ಜೊತೆ ಮಾತಾಡಿರೋದೇ ಎರಡು ಸಲ. ನಾನು ಕೆಲಸ ಮಾಡೋ ಕ್ಲಿನಿಕ್‌ಗೆ ಪಾರ್ಸಲ್ ತಂದಾಗ ಥ್ಯಾಂಕ್ಸ್ ಅಣ್ಣ ಅಂದೆ. ಇನ್ನೊಂದ್ಸಲ ನೀರು ಕೇಳಿದ್ರು, ಕೊಟ್ಟೆ. ಅಷ್ಟೇ” ಎಂದಳು.

ನೀನು ಹೇಳಿದ್ದು ಬೇರೆ. ದೀಪಾವಳಿ ಹೊತ್ತಿಗೆ ನನ್ನ ಅಂಗಡಿಯ ಮೂಲೆಯಲ್ಲಿ ಕೂತು, ತಟ್ಟೆಯ ರೊಟ್ಟಿ ಮುರಿಯದೆ ಅಳುತ್ತಾ, “ಒಂದ್ ವರ್ಷ ಪ್ರೀತಿ ಮಾಡಿದ್ಲು ಅಕ್ಕಾರ, ಈಗ ಕೈ ಕೊಟ್ಲು” ಎಂದೆ. ಆ ಹುಡುಗಿ ಏನನ್ನುತ್ತಾಳೆ ಎಂದು ನಾನು ಕೇಳಬೇಕಿತ್ತು. ಕೇಳಲಿಲ್ಲ. ಅಳುವ ಗಂಡಸನ್ನು ಕಂಡರೆ ನನ್ನ ಪೆನ್ನು ತಾನೇ ಓಡುತ್ತದೆ, ಅದು ನನ್ನ ಚಟ. ಒಂದು ವರ್ಷ ತಾಳಕ್ಕೆ ಕೂರಲಿಲ್ಲವೆಂದು ‘ನಾಕು ವರುಷದ ಪ್ರೀತಿ’ ಎಂದು ಬರೆದೆ. ಆಂಜನೇಯನ ಗುಡಿಯ ಕಂಬ ಮುಟ್ಟಿ ಆಣೆ ಮಾಡಿದಳು ಎಂದೂ ಸೇರಿಸಿದೆ. ಆ ಆಣೆ ಹುಟ್ಟಿದ್ದು ನನ್ನ ಒಲೆಯ ಮುಂದೆ. ಹೋದ ತಿಂಗಳು ನೀನು ನರಸಮ್ಮನವರ ಗೇಟಿನಲ್ಲಿ ನಿಂತು, ನಾಲ್ಕು ವರ್ಷದ ಪ್ರೀತಿ, ಗುಡಿಯಲ್ಲಿ ಆಣೆಯಾಗಿದೆ ಎಂದು ವಾದಿಸಿದೆಯಂತೆ. ಸುಳ್ಳು ಹೇಳುವವನಿಗೆ ಅದು ಸುಳ್ಳೆಂದಾದರೂ ಗೊತ್ತಿರುತ್ತದೆ. ನೀನು ನಂಬಿಬಿಟ್ಟಿದ್ದೀಯ, ತಮ್ಮಾ.

ಉಳಿದದ್ದನ್ನು ಅವಳು ಒಂದೊಂದಾಗಿ ಹೇಳಿದಳು. ನೀನು ಕ್ಲಿನಿಕ್ ಎದುರು ಮಟಮಟ ಮಧ್ಯಾಹ್ನ ಬರಿಗಾಲಲ್ಲಿ ನಿಂತೆ. ಅದು ನನ್ನ ಹಾಡಿನ ಮೊದಲನೆಯ ನುಡಿ. ಹಸಿರು ಬಳೆ ಒಡೆದು ಅವರ ಹೊಸಿಲ ಮೇಲೆ ಚೆಲ್ಲಿದೆ. ಅದು ಎರಡನೆಯದು. ಮೊನ್ನೆ ಭಾನುವಾರ, ಅವಳಿಗೆ ಮದುವೆ ನಿಶ್ಚಯವಾದ ಸುದ್ದಿ ತಿಳಿದು, ಗೇಟಿಗೆ ಹೆಣಕ್ಕೆ ಹೊದಿಸುವಂಥ ಎರಡು ಬಿಳಿ ಬಟ್ಟೆ ಕಟ್ಟಿ ಹೋದೆ. ‘ನೀ ಮದುವಿ ಮಾಡಿಕೊಂಡರ ಇಬ್ಬರಿಗೂ ಬಿಳಿ ಅರಿವಿ ತರತೀನಿ’ ಎಂಬ ಮೂರನೆಯ ನುಡಿಯ ಸಾಲಿಗೆ ಸ್ಟುಡಿಯೋದಲ್ಲಿ ಎಲ್ಲರೂ ಶಹಬ್ಬಾಸ್ ಎಂದಿದ್ದರು, ನಾನೂ ಉಬ್ಬಿದ್ದೆ. ನಿನ್ನೆ ಸುಮಾ ಹೇಳುತ್ತಾ ಹೋದಂತೆ, ಮುಂದಿನದು ಏನೆಂದು ಅವಳ ಬಾಯಿಂದ ಬರುವ ಮೊದಲೇ ನನಗೆ ಗೊತ್ತಾಗುತ್ತಿತ್ತು.

ನನ್ನ ಹಾಡು ಕೇಳಿ ಜನ ಅತ್ತರೆ ಅದು ನನ್ನ ಹೆಚ್ಚುಗಾರಿಕೆ ಎಂದುಕೊಂಡಿದ್ದವಳು ನಾನು. ಅತ್ತು ಎದ್ದ ಮೇಲೆ ಅವರು ಎಲ್ಲಿಗೆ ಹೋಗುತ್ತಾರೆ ಎಂದು ಒಂದು ದಿನವೂ ಯೋಚಿಸಲಿಲ್ಲ. ಅಡುಗೆಗೆಂದು ಹಚ್ಚಿದ ಬೆಂಕಿ ಎಂದರೆ ಮನೆ ಸುಟ್ಟವರು ಒಪ್ಪುತ್ತಾರೆಯೇ? ನನಗೆ ನಾಚಿಕೆಯಾಗಿದೆ. ಅದಕ್ಕಿಂತ ಹೆಚ್ಚಾಗಿ ಭಯವಾಗಿದೆ.

ಇವತ್ತು ಬೆಳಿಗ್ಗೆ ನಂದಿನಿ ಲೇಔಟಿಗೆ ಹೋಗಿ ಸ್ಟುಡಿಯೋದ ವೀರೇಶನ ಹತ್ತಿರ ಜಗಳವಾಡಿ ಹಾಡನ್ನು ನೆಟ್‌ನಿಂದ ತೆಗೆಸಿದೆ. ಏನು ಬಂತು? ಬೇರೆಯವರು ಅದಕ್ಕೆ ಡ್ಯಾನ್ಸ್ ಹಾಕಿ ಹತ್ತು ಕಡೆ ಬಿಟ್ಟಿದ್ದಾರೆ. ವಾಪಸ್ ಬರುವ ಆಟೋದಲ್ಲೂ ಅದೇ ಹಾಡು. “ಈ ಹುಡ್ಗೀರೇ ಹಿಂಗೆ ಆಂಟಿ” ಎಂದ ಡ್ರೈವರ್. ಬರೆದವಳು ನಾನೇ ಎನ್ನಲು ಬಾಯಿ ಬರಲಿಲ್ಲ. ಆಮೇಲೆ ನರಸಮ್ಮನವರ ಜೊತೆ ಠಾಣೆಗೆ ಹೋಗಿ ಅಲ್ಲಿ ಹೇಳಿದೆ, ಸಹಿಯನ್ನೂ ಹಾಕಿದೆ. ಪೊಲೀಸರು ನಿನ್ನನ್ನು ಹುಡುಕುತ್ತಿದ್ದಾರೆ, ಅದನ್ನು ನಿನ್ನಿಂದ ಮುಚ್ಚಿಡುವುದಿಲ್ಲ. ಸುಮಾ ಎಲ್ಲಿದ್ದಾಳೆ ಎಂದು ಮಾತ್ರ ಹೇಳುವುದಿಲ್ಲ.

ನೀನು ನೇರ ಅಂಗಡಿಗೆ ಬಾ. ಒಂದು ರೊಟ್ಟಿ ತಿನ್ನು, ಇಬ್ಬರೂ ಒಟ್ಟಿಗೆ ಠಾಣೆಗೆ ಹೋಗೋಣ. ಯಾರು ಏನೇ ಅಂದರೂ ನಿನ್ನ ಪಕ್ಕದಲ್ಲಿ ನಿಂತಿರುತ್ತೇನೆ. ಅವಳು ನಿನಗೆ ಮೋಸ ಮಾಡಿಲ್ಲ. ಮಾಡಿದವಳು ನಾನು, ನಿನ್ನ ದುಃಖಕ್ಕೆ ಇಲ್ಲದ ಕಾರಣ ಹೊಂದಿಸಿ ಕೊಟ್ಟೆ. ನನ್ನ ಮಾತನ್ನು ರಾಗದಲ್ಲಿ ಕೇಳಿ ಅಷ್ಟು ನಂಬಿದೆಯಲ್ಲ, ರಾಗವಿಲ್ಲದೆಯೂ ಒಂದು ಸಲ ನಂಬು.

ನಿನ್ನ ದಾರಿ ಕಾಯುತ್ತಿರುವ,
ಅಕ್ಕವ್ವ

ತಾ.ಕ.: ಒಂದು ಮಾತನ್ನು ಠಾಣೆಯಲ್ಲಿ ಹೇಳಲಿಲ್ಲ, ಸುಮಾಗೂ ಹೇಳಲಿಲ್ಲ. ನಿನ್ನೆ ಮಧ್ಯಾಹ್ನ, ಅವರು ಬರುವ ಮೊದಲು, ನೀನು ನನಗೆ ಫೋನ್ ಮಾಡಿದ್ದೆ. “ಅಕ್ಕಾರ, ಮೂರೂ ನುಡಿ ಮುಗದ್ವು. ಮುಂದ ಏನ್ರಿ?” ಎಂದೆ. ನನಗೆ ಕೈಯೆಲ್ಲ ಹಿಟ್ಟು, ಮುಂದೆ ಗಿರಾಕಿಗಳು. ಇನ್ನೊಂದು ನುಡಿ ಬರೆಸಿಕೊಳ್ಳುವ ಆಸೆ ಎಂದುಕೊಂಡು ನಕ್ಕುಬಿಟ್ಟೆ. “ನಾಕನೇದು ನೀನ ಕಟ್ಟಪಾ, ನಿನ್ನ ಎದಿಯಾಗ ಐತಿ” ಎಂದೆ. ನೀನು “ಆತ್ರಿ ಅಕ್ಕಾರ” ಎಂದು ಫೋನ್ ಇಟ್ಟೆ.