ಏಳು ವರ್ಷದ ಹೂವು

ಏಪ್ರಿಲ್ 27, ಭಾನುವಾರ.

ಪಕ್ಕದ ಮನೆ ವರ್ನಾಳ ಮೇಪಲ್ ಮರದಡಿ ಟ್ರಿಲಿಯಂ ಅನ್ನೋ ಕಾಡುಹೂವು ಅರಳಿದೆ. ಒಂದೇ ಒಂದು, ಮೂರು ಬಿಳಿ ಎಸಳು. ಚರ್ಚಿನಿಂದ ನನ್ನನ್ನು ನೇರ ಅಲ್ಲಿಗೇ ಎಳೆದುಕೊಂಡು ಹೋದಳು.

"ನೀನು ಹೇಳಿದ ಹಾಗೇ ಬೀಜ ಹಾಕಿ ಏಳು ವರ್ಷ ಕಾದೆ ಕಣೇ ಮಾರ್ಲೀನ್. ಅದು ನನ್ನ ಗೋರಿ ಮೇಲೇ ಅರಳೋದು ಅಂತ ನನ್ನ ಗಂಡ ನಗ್ತಿದ್ದ!"

ಹೂವಿನ ಸಂಘದಲ್ಲಿ ಹೇಳಿದ್ದೆ ನಿಜ: ಕಾಡಿನ ಗಿಡ ಕೀಳಬಾರದು, ನನ್ನವೆಲ್ಲ ಬೀಜದಿಂದಲೇ ಬೆಳೆಸಿದ್ದು ಎಂದು. ಆದರೆ ನನ್ನ ಹನ್ನೆರಡು ಗಿಡಗಳನ್ನೂ ಹಳ್ಳದ ದಂಡೆಯಿಂದ ಒಂದೇ ಸಂಜೆಯಲ್ಲಿ ಅಗೆದು ತಂದವಳು ನಾನು. ಆ ಜಾಗ ಇವತ್ತಿಗೂ ಬೋಳಾಗಿದೆ.

"ನಿಂದು ಮೊದಲ ಸಲ ಅರಳಿದಾಗ ಹೇಗನ್ನಿಸ್ತು?" ಎಂದಳು.

ಬಾಯಿ ತೆರೆದರೆ ಅಳು ಬಂತು. ಅವಳು ಬೆನ್ನು ಸವರಿದಳು. "ನಂಗೂ ಹಾಗೇ ಆಯ್ತು ಕಣೇ."

ಆಗಲಾದರೂ ಹೇಳಬಹುದಿತ್ತು. ಕಣ್ಣೊರೆಸಿಕೊಂಡು "ಹೌದು" ಎಂದೆ.