ಕತ್ತಿನ ಹಿಂದಿನ ಎರಡು ತೂತು

ಮ್ಯೂಸಿಯಂನ ಹಿಂದಿನ ಕೋಣೆ,
ಗುರುವಾರ ಮಧ್ಯಾಹ್ನ

ಪ್ರೀತಿಯ ತಮ್ಮಾ,

ಹೇಗಿದ್ದೀಯ? ಮೊದಲು ಕಣ್ಣಿನ ವಿಷಯ ಹೇಳು, ಮಿಕ್ಕಿದ್ದೆಲ್ಲ ಆಮೇಲೆ. ಹೋದ ಕಾಗದದಲ್ಲಿ ನೀನು "ಕಣ್ಣು ಸ್ವಲ್ಪ ಉರಿಯತ್ತೆ ಅಕ್ಕಾ, ಧೂಳಿರಬೇಕು" ಎಂದು ಒಂದೇ ಸಾಲಿನಲ್ಲಿ ಮುಗಿಸಿದ್ದೆ. ಅಮ್ಮ ಚೆನ್ನಾಗಿದ್ದಾಳೆ. ಆ ಸಾಲನ್ನು ಅವಳಿಗೆ ಹೇಳಿಲ್ಲ.

ನೀನು ಆ ಕಾಡಂಚಿನ ಕೋಣೆ ಸೇರಿ ನಾಲ್ಕು ತಿಂಗಳಾಯಿತು. ಹುಳು ಹಿಡಿದು ಕಳಿಸುವುದು ನಿನ್ನ ಕೆಲಸ, ಅದರ ಕುಲಗೋತ್ರ ಹುಡುಕಿ ಚೀಟಿ ಅಂಟಿಸುವುದು ನನ್ನ ಹೊಟ್ಟೆಪಾಡು. ನೀನು ಮೊದಲು ಕಳಿಸಿದ, ಒಣಕಡ್ಡಿಯಂತೆ ಕಾಣುವ ಕಡ್ಡಿಹುಳು ದಾರಿಯಲ್ಲೇ ಒಣಗಿ, ಬೂಸ್ಟು ಹಿಡಿದು, ಕತ್ತು ಮುರಿದುಕೊಂಡು ಬಂದಿತ್ತು. ಕತ್ತಿಗೆ ಅಂಟು ಹಚ್ಚಿ ಕೂರಿಸಿದೆ. ರೆಕ್ಕೆ ನೋಡಿದೆ, ಕಾಲಿನ ಮುಳ್ಳು ಎಣಿಸಿದೆ, ಜೊತೆಗಿದ್ದ ಮೊಟ್ಟೆಯ ಮುಚ್ಚಳವನ್ನೂ ಬಿಡಲಿಲ್ಲ. ಎಲ್ಲವೂ ಒಂದು ಸಾಧು ಕುಲಕ್ಕೆ ಹೊಂದುತ್ತಿತ್ತು. ನಿನಗೂ ಬರೆದೆ: ಬಡಪಾಯಿ ಹುಳು, ಬೇಕಾದರೆ ಮಂಚದ ಪಕ್ಕದಲ್ಲೇ ಸಾಕಿಕೋ. ಅಕ್ಕ ಹೇಳಿದಳೆಂದರೆ ನಿನಗೆ ಮುಗಿಯಿತು. ನೀನು ನಲವತ್ತು ಹುಳು ಸಾಕಿಕೊಂಡೆ. ನಿನ್ನ ಕನ್ನಡಕ ಒಡೆದ ಮೇಲೆ, ಮೂಗು ತಾಗುವಷ್ಟು ಬಗ್ಗಿ ಅವುಗಳ ಚಿತ್ರ ಬರೆಯುತ್ತೇನೆಂದು ಜಂಬ ಬೇರೆ ಕೊಚ್ಚಿದ್ದೆ.

ನಿನ್ನೆ ಎರಡನೆಯ ಪೆಟ್ಟಿಗೆ ಬಂತು. ಈ ಸಲ ಹುಳು ಸ್ಪಿರಿಟ್ಟಿನಲ್ಲಿ ಮುಳುಗಿ, ಇನ್ನೂ ಹಸಿಯಾಗಿತ್ತು. ಸೂಕ್ಷ್ಮದರ್ಶಕದ ಕೆಳಗಿಟ್ಟೆ. ತಲೆಯ ಹಿಂದೆ, ಕತ್ತಿನ ಎರಡು ಬದಿಗೂ ಸೂಜಿಮೊನೆಯಷ್ಟು ತೂತು. ಅವು ವಿಷ ಚಿಮ್ಮುವ ತೂತುಗಳು ತಮ್ಮಾ. ಮೊದಲ ಹುಳುವಿನಲ್ಲಿ ಅಂಟು ಬಳಿದು ಅವನ್ನು ಮುಚ್ಚಿದವಳು ನಾನೇ. ಇದರ ಕುಲವೇ ಬೇರೆ. ಈ ಕುಲದವು ಬೆದರಿದರೆ ಗುರಿಯಿಡುವುದು ಕಣ್ಣಿಗೆ. ಆಗ ತಾನೇ ಮೊಟ್ಟೆಯೊಡೆದ ಮರಿಯೂ ಚಿಮ್ಮುತ್ತದೆ. ಒಮ್ಮೆ ತಗುಲಿದರೆ ಕೆಲವು ದಿನ ಕಣ್ಣು ಮಂಜಾಗುತ್ತದಂತೆ. ದಿನಾ ತಗುಲಿದರೆ ಏನಾಗುತ್ತದೆಂದು ಯಾವ ಪುಸ್ತಕದಲ್ಲೂ ಇಲ್ಲ. ಅಷ್ಟು ದಿನ ಯಾರೂ ಜೊತೆಗಿಟ್ಟುಕೊಂಡಿಲ್ಲ.

ಮುಖ್ಯಸ್ಥರಿಗೆ ತೋರಿಸಿದೆ. "ಹುಳುಗಳ ಪಟ್ಟಿ ಅಚ್ಚಿಗೆ ಹೋಗಿದೆಯಲ್ಲಮ್ಮಾ, ಮುಂದಿನ ಸಲ ತಿದ್ದಿದರಾಯ್ತು ಬಿಡಿ" ಎಂದು ಚಹಾ ಕುಡಿಯಲು ಹೋದರು. ಅವರ ಗಂಟೇನು ಹೋಗಬೇಕು?

ಆಮೇಲೆ ನಿನ್ನ ಕಾಗದಗಳನ್ನೆಲ್ಲ ಮೇಜಿನ ಮೇಲೆ ಹರಡಿಕೊಂಡು ಕೂತೆ. ಮೊದಲನೆಯದರಲ್ಲಿ ಮುತ್ತು ಪೋಣಿಸಿದಂಥ ಅಕ್ಷರ. ಮೂರನೆಯದರಲ್ಲಿ ಸಾಲುಗಳು ಒಂದರ ಮೇಲೊಂದು ಹತ್ತಿಕೊಂಡಿವೆ. ಅದು ಬಂದಾಗ, ಸೋಮಾರಿ, ಅವಸರದಲ್ಲಿ ಗೀಚಿದ್ದಾನೆ ಎಂದು ಬೈದುಕೊಂಡಿದ್ದೆ. ಈ ಪೆಟ್ಟಿಗೆಯ ಜೊತೆ ಕಾಗದವೇ ಇಲ್ಲ. ಮೇಲಿನ ವಿಳಾಸವೂ ನಿನ್ನ ಅಕ್ಷರವಲ್ಲ. ಮಾಡಿದ್ದುಣ್ಣೋ ಮಹರಾಯ ಎನ್ನುತ್ತಾರೆ. ಇಲ್ಲಿ ಮಾಡಿದವಳು ನಾನು, ಉಣ್ಣುತ್ತಿರುವವನು ನೀನು. ಅಲ್ಲಿಗೆ ಫೋನಿಲ್ಲ, ಕಾಗದ ತಲುಪಲು ಆರು ದಿನ. ನನಗೆ ತುಂಬ ಹೆದರಿಕೆಯಾಗುತ್ತಿದೆ. ನಾಳೆ ಬೆಳಗಿನ ಬಸ್ಸಿಗೆ ನಾನೂ ಹೊರಡುತ್ತೇನೆ, ಆದರೆ ಸೇತುವೆ ಮುರಿದಿದೆಯಂತೆ. ಯಾವಾಗ ಮುಟ್ಟುತ್ತೇನೋ ತಿಳಿಯದು.

ಅಮ್ಮನ ಆಶೀರ್ವಾದ ನಿನ್ನ ಮೇಲಿರಲಿ. ನನ್ನದನ್ನು ಯಾವ ಬಾಯಲ್ಲಿ ಹೇಳಲಿ.

ನಿನ್ನ,
ಅಕ್ಕ

ತಾ.ಕ.: ಇದು ತಮ್ಮನಿಗಲ್ಲ, ಈ ಕಾಗದವನ್ನು ಅವನಿಗೆ ಓದಿ ಹೇಳುತ್ತಿರುವವರಿಗೆ. ನೀವು ಯಾರೋ ನನಗೆ ಗೊತ್ತಿಲ್ಲ. "ನಂಗೇನೂ ಆಗಿಲ್ಲ" ಅಂತಾನೆ, ನಂಬಬೇಡಿ. ಕೈ ಹಿಡಿದು ಈಗಲೇ ಆ ಕೋಣೆಯಿಂದ ಹೊರಗೆ ಕರೆತನ್ನಿ, ಕಣ್ಣಿನ ಡಾಕ್ಟರ ಹತ್ತಿರ ಕರೆದೊಯ್ಯಿರಿ. ಹುಳುಗಳ ಪಂಜರ ಮುಟ್ಟಬೇಡಿ. ಓದುವಾಗ ನಿಮಗೂ ಅಕ್ಷರ ಮಂಜಾಗುತ್ತಿದ್ದರೆ, ಇನ್ನೊಬ್ಬರನ್ನು ಕೂಗಿ.